ಸುತ್ತಿಟ್ಟದ್ದನ್ನು ಸುಡಬಾರದು

“ಹಳೇ ತಂತಿನ ಸುಡಬೇಡ ಕಣಪ್ಪ. ಎಷ್ಟು ಹೊತ್ತು ಹಿಡಿದ್ರೂ ಸರಿ, ಕೈಯಲ್ಲೇ ಬಿಚ್ಚು. ಬಿಚ್ಚಿದ್ದನ್ನ ಒಂದೆಳೆ ಬಿಡದ ಹಾಗೆ ನನಗೆ ವಾಪಸ್ ಕೊಡು.”

ಇಷ್ಟು ಹೇಳಿ ಅಜ್ಜಿ ಸೀಲಿಂಗ್ ಫ್ಯಾನಿನ ಮೋಟಾರನ್ನು ಬೆಂಚಿನ ಮೇಲಿಟ್ಟಳು. ಹಳೆಯ ಹೊದಿಕೆಯೊಂದರಲ್ಲಿ ಕೂಸನ್ನು ಸುತ್ತುವ ಹಾಗೆ ಸುತ್ತಿಕೊಂಡು ಓಡುತ್ತಾ ಬಂದಿದ್ದಳು. ಏದುಸಿರು ಇನ್ನೂ ನಿಂತಿರಲಿಲ್ಲ. ಹೊದಿಕೆ ಬಿಚ್ಚಿದಾಗ ಕರಕಲಾದ ವಾರ್ನಿಷ್‌ನ ಘಾಟಿನ ಜೊತೆಗೆ ಇನ್ನೊಂದು ವಾಸನೆಯೂ ಬಂತು. ರೋಗಿ ಮಲಗಿದ್ದ ಕೋಣೆಯ ತಲೆದಿಂಬಿನ ವಾಸನೆ.

ಅಂಗಡಿಯವನು ಆ ಬೀದಿಗೆ ಹೊಸಬ. ಮೋಟಾರ್ ವೈಂಡಿಂಗ್ ಅವನ ಕಸುಬು, ಅಂದರೆ ಸುಟ್ಟುಹೋದ ಮೋಟಾರಿನ ಒಳಗಿನ ತಾಮ್ರದ ತಂತಿಯನ್ನು ಕಿತ್ತು ಹೊಸ ತಂತಿ ಸುತ್ತಿಕೊಡುವುದು. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅವನು ಕರೆಂಟು ಇದೆಯೇ ಎಂದು ನೋಡುವ ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದ. ಯಾರಾದರೂ ದೆವ್ವದ ಮಾತನ್ನೋ ಕಣ್ಣುದೃಷ್ಟಿಯ ಮಾತನ್ನೋ ಎತ್ತಿದರೆ ಅದನ್ನು ತೆಗೆದು ತೋರಿಸಿ, ಇದನ್ನು ಇಟ್ಟು ನೋಡಿದ್ದೀರಾ, ಲೈಟ್ ಹತ್ತಿತಾ ಎಂದು ಕೇಳುವನು. ಹೀಗಾಗಿ ಬಂದ ಸ್ವಲ್ಪ ದಿನಕ್ಕೇ ಬೀದಿಯವರು ಅವನಿಗೆ ಟೆಸ್ಟರ್ ಎಂದೇ ಹೆಸರಿಟ್ಟರು. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು.

ಅವನ ಜೊತೆ ಇದ್ದವಳು ತಂಗಿ ಒಬ್ಬಳೇ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ಜಡೆ ಹಾಕುವುದನ್ನೂ ಕಲಿತು ಸಾಕಿದವನು ಅವನೇ. ಗುಬ್ಬಿ ಎಂದು ಕರೆಯುತ್ತಿದ್ದ. ಸುತ್ತಿದ ತಂತಿಯ ಸುರುಳಿಗಳನ್ನು, ಅಂದರೆ ಕಾಯಿಲ್‌ಗಳನ್ನು, ಮೋಟಾರಿನ ಸ್ಲಾಟುಗಳೆಂಬ ಕಿರುಸಂದಿಗಳಿಗೆ ಬಿದಿರುಕಡ್ಡಿಯಿಂದ ಒತ್ತಿ ಕೂರಿಸುವ ಕೆಲಸ ಅವಳದು. ಅಣ್ಣನ ದಪ್ಪ ಬೆರಳು ಹೋಗದ ಕಡೆಯಲ್ಲೆಲ್ಲ ಅವಳ ಬೆರಳು ಹೋಗುತ್ತಿತ್ತು. ನನ್ನ ಬಾಯಿ, ನಿನ್ನ ಕೈ, ಎರಡರಿಂದ ಈ ಅಂಗಡಿ ನಡೀತಾ ಇದೆ ಎಂದು ಅವನು ಹೇಳುವನು. ಬಾಯಿ ಇಲ್ಲದಿದ್ದರೆ ಇನ್ನೂ ಚೆನ್ನಾಗಿ ನಡೆಯುತ್ತಿತ್ತು ಎಂದು ಅವಳು ಹೇಳುವಳು.

ಅಜ್ಜಿ ಆ ಫ್ಯಾನಿನ ಕತೆ ಹೇಳಿದಳು. ಅವಳ ಮಗಳಿಗೆ ಹರೆಯದಲ್ಲಿ ಏನೋ ಹಿಡಿದುಕೊಂಡಿತ್ತಂತೆ. ನಡೆಯುತ್ತಿದ್ದ ಹಾಗೇ ಕಾಲು ಸೋಲುವುದು, ಕಣ್ಣು ಮಂಕಾಗುವುದು. ಯಾರೋ ಹೊಟ್ಟೆಕಿಚ್ಚಿಗೆ ಮಾಡಿಸಿದ ಮಾಟ. ನೋಡಲು ಬಂದ ಮಾಟಗಾರ ಮುದುಕ, ಇದನ್ನು ತೆಗೆದುಹಾಕುವುದು ನನ್ನ ಕೈಲಾಗದು, ಕಟ್ಟಿಹಾಕಬಲ್ಲೆ ಅಷ್ಟೇ ಎಂದನಂತೆ. ಒಂದೇ ಸಮ ತಿರುಗುವುದರಲ್ಲಿ ಕಟ್ಟಿದರೆ ಅದಕ್ಕೆ ದಿಕ್ಕು ತಿಳಿಯುವುದಿಲ್ಲ, ದಿಕ್ಕು ತಿಳಿಯದೆ ಹೊರಗೆ ಬರುವುದಿಲ್ಲ. ಮಗಳ ಮಂಚದ ಮೇಲಿನ ಫ್ಯಾನಿನಲ್ಲಿ, ತಂತಿಯ ಜೊತೆಗೆ ಅವಳ ತಲೆಗೂದಲನ್ನೂ ಸೇರಿಸಿ ಅವನೇ ಕೈಯಾರೆ ಸುತ್ತಿದ. ಮಗಳು ಚೇತರಿಸಿಕೊಂಡಳು, ಎಷ್ಟೋ ವರ್ಷ ಬಾಳಿ ಬೇರೆ ಯಾವುದೋ ಕಾಯಿಲೆಯಿಂದ ತೀರಿಕೊಂಡಳು. ಆಮೇಲೂ ಅಜ್ಜಿ ಫ್ಯಾನು ನಿಲ್ಲಿಸಿರಲಿಲ್ಲ, ಮೂಳೆ ಕೊರೆಯುವ ಚಳಿಯಲ್ಲೂ. ಈ ಬೆಳಿಗ್ಗೆ ಅದು ಸುಟ್ಟು ನಿಂತಿತ್ತು. ನಿಂತ ಮೇಲೆ ಆ ಮಾಟವನ್ನು ಹಿಡಿದಿಟ್ಟಿರುವುದು ತಂತಿಯ ಮೈಮೇಲಿನ ಹೊದಿಕೆ ಒಂದೇ. ಕೈಯಲ್ಲಿ ಬಿಚ್ಚಿ ನೀರಿನಲ್ಲಿ ಮುಳುಗಿಸಿಟ್ಟರೆ ಕಾಲ ಕಳೆದ ಹಾಗೆ ತಾನು ಯಾರೆಂಬುದನ್ನೇ ಮರೆತುಬಿಡುತ್ತದೆ. ಬೆಂಕಿ ಮಾತ್ರ ಸೋಕಬಾರದು.

ಟೆಸ್ಟರ್ ತಲೆಯಾಡಿಸಿ ಆಗಲಿ ಅಜ್ಜಿ ಎಂದ. ಅವಳು ಕಣ್ಮರೆಯಾಗುವವರೆಗೆ ನಗು ತಡೆದುಕೊಂಡಿದ್ದ. ಆಮೇಲೆ ತಂಗಿಯ ಕಡೆ ನೋಡಿ, “ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನದ ಮಧ್ಯೆ ಬಂದು ಬಿದ್ದಿದ್ದೀವಿ ಕಣೇ” ಎಂದ.

ಹಾಗೆಂದು ಅವನು ಪ್ರಯತ್ನವನ್ನೇ ಮಾಡಲಿಲ್ಲ ಎನ್ನುವ ಹಾಗಿಲ್ಲ. ಉಳಿ ಹಿಡಿದು, ಇಕ್ಕಳ ಹಿಡಿದು ಎಳೆದ. ಹಳೆಯ ವಾರ್ನಿಷ್ ಕಲ್ಲಾಗಿತ್ತು; ತಂತಿ ಚೂರುಚೂರಾಗಿ ಬಂತೇ ಹೊರತು ಎಳೆಯಾಗಿ ಬರಲಿಲ್ಲ. ವೈಂಡಿಂಗ್ ಅಂಗಡಿಗಳಲ್ಲಿ ಇದಕ್ಕೆ ಎಲ್ಲರೂ ಮಾಡುವ ಉಪಾಯ ಒಂದೇ, ಮೋಟಾರಿನ ಒಡಲನ್ನೇ ಬೆಂಕಿಗೆ ಹಾಕುವುದು. ವಾರ್ನಿಷ್ ಉರಿದು ಬೂದಿಯಾಗಿ ತಂತಿ ಸಡಿಲವಾಗಿ ಕೈಗೆ ಬರುತ್ತದೆ. ಅಂಗಡಿಯ ಹಿತ್ತಿಲಲ್ಲಿ ಅದಕ್ಕೆಂದೇ ಒಂದು ತಗಡಿನ ಪೀಪಾಯಿ ಇತ್ತು.

“ಅಣ್ಣ, ಆಗಲಿ ಅಂದಿದ್ದೀಯ ಅವರಿಗೆ,” ಎಂದಳು ಗುಬ್ಬಿ.

“ಅಜ್ಜಿಗೆ ಬೇಕಾಗಿರೋದು ಹಳೇ ತಂತಿ. ನಮ್ಮಲ್ಲಿ ಹಳೇ ತಂತಿಗೇನು ಬರವಾ?”

ಯಾವಾಗಿನಂತೆ ಕಬ್ಬಿಣದ ಸರಳು ಹಿಡಿದು ಬೆಂಕಿ ಕೆದಕಿದವಳು ಗುಬ್ಬಿಯೇ. ಉರಿ ಹಸಿರಾಗಿ ಎದ್ದಿತು; ತಾಮ್ರದ ಉರಿ ಹಸಿರೇ ಇರುತ್ತದೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಹೊಗೆ ಅವತ್ತು ಮೇಲೆ ಹೋಗಲಿಲ್ಲ. ಪೀಪಾಯಿಯ ಅಂಚು ದಾಟಿ ಕೆಳಗಿಳಿಯಿತು. ಕೂದಲು ಸುಟ್ಟ ನಾತ ಹಿತ್ತಿಲು ತುಂಬಿತು. ಗುಬ್ಬಿ ಕೆಮ್ಮುತ್ತಾ ಹಿಂದೆ ಸರಿದಳು, ಹೊಗೆ ಅವಳ ಕಾಲ ಹಿಂದೆಯೇ ಸರಿಯಿತು. ಗಾಳಿ ಒಂದಿಷ್ಟೂ ಇರಲಿಲ್ಲ.

ಮಾರನೆಯ ದಿನ ಫ್ಯಾನು ರೆಡಿಯಾಯಿತು. ಯಾವುದೋ ಗ್ರೈಂಡರಿನ ಹಳೆಯ ತಂತಿಯ ಮುದ್ದೆಯೊಂದನ್ನು ಟೆಸ್ಟರ್ ಕಾಗದದಲ್ಲಿ ಕಟ್ಟಿ ಅಜ್ಜಿಗೆ ಕೊಟ್ಟ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು. ಆ ಕ್ಷಣ ಅವನಿಗೆ ಸ್ವಲ್ಪ ಪಿಚ್ಚೆನಿಸಿತು. ಆದರೆ ಊಟದ ಹೊತ್ತಿಗೆ ಮರೆತಿದ್ದ.

ಮೊದಲು ಬಂದದ್ದು ಕತ್ತಿನಲ್ಲಿ. ಗುಬ್ಬಿ ತಲೆ ಬಗ್ಗಿಸಿ ಕಾಯಿಲ್ ಕೂರಿಸುತ್ತಿದ್ದವಳು ಬಿದಿರುಕಡ್ಡಿ ಬಿಸಾಕಿ ಎದ್ದು ನಿಂತಳು. ಕತ್ತಿನಿಂದ ಹೊರಟು ಬೆನ್ನುಹುರಿಯಲ್ಲಿ ಇಳಿದು ಕಾಲ್ಬೆರಳಿನ ತುದಿಯವರೆಗೂ ಕರೆಂಟು ಹೊಡೆಯಿತು ಎಂದಳು. ಅಣ್ಣ ಗಾಬರಿಯಾಗಿ ಬೆಂಚಿಗೆ, ಅದರ ಕಬ್ಬಿಣದ ಕಾಲುಗಳಿಗೆ, ಒದ್ದೆ ಗೋಡೆಗೆ ಟೆಸ್ಟರ್ ಇಟ್ಟು ನೋಡಿದ. ಎಲ್ಲಿಯೂ ಬೆಳಕು ಹತ್ತಲಿಲ್ಲ. ಮೇನ್ ಸ್ವಿಚ್ಚನ್ನೇ ಆರಿಸಿ, ಈಗ ಬಗ್ಗು ನೋಡೋಣ ಎಂದ. ಅವಳು ಬಗ್ಗಿದಳು. ಮತ್ತೆ ಹೊಡೆಯಿತು. ಇಡೀ ಅಂಗಡಿಯಲ್ಲಿ ಆಗ ಕರೆಂಟೇ ಇರಲಿಲ್ಲ.

ಆಮೇಲೆ ಎಡಗಾಲಿನ ಮೇಲೆ ತಣ್ಣೀರು ಇಳಿಯತೊಡಗಿತು. ಮುಟ್ಟಿ ನೋಡಿದರೆ ಕಾಲು ಒಣಗಿಯೇ ಇರುತ್ತಿತ್ತು. ಆದರೂ ಅವಳು ಬಟ್ಟೆ ತೆಗೆದುಕೊಂಡು ಒರೆಸುವಳು, ಒರೆಸಿ ಮುಗಿಸುವಷ್ಟರಲ್ಲಿ ಮತ್ತೆ ನೀರು. ಒಂದು ಬೆಳಿಗ್ಗೆ ಹೊಸ ತಂತಿಯ ರೀಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಈ ಸಲದ ತಾಮ್ರ ಯಾಕೆ ಬೂದಿ ಬಣ್ಣ ಇದೆ ಎಂದು ಕೇಳಿದಳು. ಬಲಗಣ್ಣಿಗೆ ಬೂದಿ, ಎಡಗಣ್ಣಿಗೆ ತಾಮ್ರ. ವಾರ್ನಿಷ್ ಒಣಗಿಸುವ ಒಲೆಯ ಕಾವಿನ ಹತ್ತಿರ ನಿಂತರೆ ಬಲಗಣ್ಣು ಇನ್ನೂ ಮಂಕಾಗುವುದು. ನಲ್ಲಿಯ ಕೆಳಗೆ ಮುಖ ಒಡ್ಡಿದರೆ ಸ್ವಲ್ಪ ಸ್ವಲ್ಪವಾಗಿ ನೋಟ ಮರಳುವುದು. ಇಂಥ ಮಾತನ್ನು ಯಾರು ತಾನೇ ನಂಬುತ್ತಾರೆ? ಅಣ್ಣನಂತೂ ನಂಬಲಿಲ್ಲ. ನೋವಿದ್ದರೆ ಊತ ಇರಬೇಕು, ಗಾಯ ಇದ್ದರೆ ರಕ್ತ ಇರಬೇಕು, ಅವನ ಲೆಕ್ಕ ಅಷ್ಟೇ.

ಸಂಜೆಗಳು ಎಲ್ಲಕ್ಕಿಂತ ಕೆಟ್ಟವು. ಹೊತ್ತು ಇಳಿಯುತ್ತಿದ್ದ ಹಾಗೆ ಅವಳು ಎರಡೂ ಕೈಯಿಂದ ಪಕ್ಕೆ ಹಿಡಿದುಕೊಂಡು ಗೋಡೆಗೆ ಒರಗುವಳು.

“ಯಾರೋ ನನ್ನ ಎದೆ ಸುತ್ತ ತಂತಿ ಸುತ್ತುತ್ತಾ ಇದ್ದಾರೆ ಅಣ್ಣ. ಒಂದೊಂದು ಸುತ್ತಿಗೂ ಬಿಗಿ ಮಾಡ್ತಾರೆ.”

ಅವನು ಅವಳ ಬೆನ್ನು ಮುಟ್ಟಿ ನೋಡಿದ. ಏನೂ ಇರಲಿಲ್ಲ. ಅವಳ ಉಸಿರು ಮಾತ್ರ ಅರ್ಧಕ್ಕೇ ನಿಂತು ನಿಂತು ಬರುತ್ತಿತ್ತು.

ಕೆಲಸದ ಒತ್ತಡದ ದಿನವೊಂದರಲ್ಲಿ ಅವಳ ಕೈ ಸೋತು, ಪೂರ್ತಿ ಸುತ್ತಿ ಮುಗಿಸಿದ್ದ ಮೋಟಾರು ನೆಲಕ್ಕೆ ಬಿದ್ದು ಕಾಯಿಲ್‌ಗಳು ಜಜ್ಜಿಹೋದವು. ಗಿರಾಕಿ ಎದುರಿಗೇ ನಿಂತಿದ್ದ. ಟೆಸ್ಟರ್‌ನ ತಲೆ ಕೆಟ್ಟಿತು. ನಾಟಕ ಸಾಕು ಮಾಡು ಎಂದುಬಿಟ್ಟ. ಗುಬ್ಬಿ ಅಳಲಿಲ್ಲ. ಕೂತು ನೆಲದ ಮೇಲಿನ ತಂತಿಯನ್ನು ಒಂದೊಂದೇ ಆರಿಸಿದಳು, ಎಡಗೈ ಮಾತು ಕೇಳದಿದ್ದಾಗ ಬಲಗೈಯಿಂದ ಆರಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ತಾನಾಡಿದ ಆ ಮಾತನ್ನು ಅವನು ಆಮೇಲೆ ತನ್ನ ಜೀವಮಾನವಿಡೀ ನುಂಗಲು ನೋಡಿದ.

ಬೀದಿಯ ಹಿಟ್ಟಿನ ಗಿರಣಿಯ ಯಜಮಾನರು ತೀರಿಕೊಂಡ ದಿನ, ಗುಬ್ಬಿಗೆ ಏನೋ ಆಗಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಸಾವಿನ ಮನೆಯಲ್ಲಿ, ಅಳುವವರ ನಡುವೆ ಗುಬ್ಬಿ ನಕ್ಕಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಬಾಯಿಗೆ ಬಟ್ಟೆ ತುರುಕಿಕೊಂಡಳು, ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಆ ಕಣ್ಣು ಅಣ್ಣನನ್ನೇ ನೋಡುತ್ತಾ, ನಗುತ್ತಿರುವುದು ನಾನಲ್ಲ ಎಂದು ಬೇಡಿಕೊಳ್ಳುತ್ತಿತ್ತು. ಹೆಂಗಸರು ಮಕ್ಕಳನ್ನು ಹಿಂದಕ್ಕೆಳೆದುಕೊಂಡರು. ಮಾಟ ಎಂದು ಒಬ್ಬರು ಅಂದದ್ದು ಹತ್ತು ಬಾಯಿಗೆ ಹೋಯಿತು. ಟೆಸ್ಟರ್ ಅವಳನ್ನು ಎತ್ತಿಕೊಂಡೇ ಹೊರಗೆ ಬಂದ. ಮಾರನೆಯ ದಿನವೇ ಅಂಗಡಿಗೆ ಬೀಗ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ.

ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರು ವಯಸ್ಸಾದ ಹೆಂಗಸು. ಗುಬ್ಬಿಯನ್ನು ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆಸಿದರು. ಕರೆಂಟು, ತಣ್ಣೀರು, ಬೂದಿ ಬಣ್ಣ, ಎದೆಯ ಬಿಗಿತ, ಕೊನೆಗೆ ಆ ನಗು, ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ, ಒಂದೂ ಕಲ್ಪನೆಯಲ್ಲ ಎಂದರು. ಹಾಗೆ ಅಂದಾಗ ಗುಬ್ಬಿ ಅಳುವುದಕ್ಕೆ ಶುರುಮಾಡಿದಳು, ಅಷ್ಟು ದಿನದ್ದು ಒಟ್ಟಿಗೆ. ಡಾಕ್ಟರು ಅಣ್ಣನನ್ನು ಪಕ್ಕದ ಕೋಣೆಗೆ ಕರೆದು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಅವನು ಹೇಳಿದ.

“ಹಾಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ತಂತಿ ಮೇಲೆ ಇರೋ ಹಾಗೆ ನರದ ಮೇಲೂ ಒಂದು ಹೊದಿಕೆ ಇರುತ್ತೆ. ಇವರ ದೇಹದಲ್ಲಿ ಉರಿಯೂತ ಎದ್ದು ಆ ಹೊದಿಕೆ ಸುಟ್ಟುಹೋಗ್ತಾ ಇದೆ. ಹೊದಿಕೆ ಹೋದ ಕಡೆ ಎಲ್ಲಾ ಶಾರ್ಟ್ ಆಗುತ್ತೆ.”

ಅವನಿಗೆ ಅರ್ಥವಾಯಿತು. ಡಾಕ್ಟರು ಪಾಪ ಸುಲಭವಾಗಲೆಂದು ಹೇಳಿದ ಮಾತು ಅವನ ಎದೆಗೆ ಕಾದ ಸರಳಿನಂತೆ ಇಳಿಯಿತು. ಬೆಂಕಿಯಿಂದ ಹೀಗಾಗುತ್ತದಾ ಎಂದು ಕೇಳಿದ. ಇಲ್ಲ, ಯಾಕೆ ಬರುತ್ತದೆಂದು ಯಾರಿಗೂ ಪೂರ್ತಿ ಗೊತ್ತಿಲ್ಲ ಎಂದರು. ಪೂರ್ತಿ ಹೋಗುವ ರೋಗವಲ್ಲ. ಬರುತ್ತದೆ, ತಗ್ಗುತ್ತದೆ, ಮತ್ತೆ ಬರುತ್ತದೆ. ಇಂಜೆಕ್ಷನ್ ಬಿಡಬಾರದು, ಕಾವಿನ ಹತ್ತಿರ ಹೋಗಬಾರದು. ನಿಮ್ಮ ರಕ್ತಸಂಬಂಧದಲ್ಲಿ ಇನ್ನು ಯಾರಿಗಾದರೂ ಇದೆಯಾ ಎಂದೂ ವಿಚಾರಿಸಿದರು. ನಮಗೆ ನಾವಿಬ್ಬರೇ ಎಂದು ಅವನು ಹೇಳಿದ.

ಇಂಜೆಕ್ಷನ್ ಶುರುವಾಯಿತು. ಗುಣವೇನೂ ತಕ್ಷಣ ಕಾಣಲಿಲ್ಲ. ಗುಬ್ಬಿ ಗೋಡೆ ಹಿಡಿದು ನಡೆಯುತ್ತಿದ್ದವಳು ಮಂಚ ಹಿಡಿದಳು. ಒಂದು ಮಧ್ಯಾಹ್ನ ಟೆಸ್ಟರ್ ಬೀದಿಯ ಕೊನೆಯ ಮನೆಗೆ ಹೋಗಿ ಬಾಗಿಲು ತಟ್ಟಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಜ್ಜಿಯ ಮನೆಯೊಳಗೆ ಕತ್ತಲೆ, ನೀರಿನ ತಂಪು ವಾಸನೆ. ಮೂಲೆಯಲ್ಲಿ ಒಂದು ಮಣ್ಣಿನ ಮಡಕೆ. ಅದರೊಳಗೆ ಯಾರದೋ ಗ್ರೈಂಡರಿನ ತಂತಿ ಮುಳುಗಿ ಕೂತಿತ್ತು. ಬಂದವನ ಮುಂದೆಯೇ ಅಜ್ಜಿ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬಿದಳು, ದಿನಾ ಹೀಗೆ ಮಾಡುತ್ತೇನೆ ಎಂದಳು. ಅವನು ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟ.

ಅವಳು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಡಕೆಯೊಳಗಿನ ತಂತಿಯನ್ನು ತೆಗೆದು ಪಕ್ಕಕ್ಕಿಟ್ಟು ಮಾತಾಡಿದಳು. ಕಟ್ಟು ಬಿಚ್ಚಿದರೆ ಅದು ಮೊದಲು ಹುಡುಕುವುದು ತನ್ನನ್ನು ಕಟ್ಟಿದ ಕೈಯನ್ನು. ಆ ಮಾಟಗಾರ ಸತ್ತು ಮಣ್ಣಾಗಿದ್ದಾನೆ. ಹೋಗಲು ಕೈ ಸಿಗದೆ ಹತ್ತಿರ ನಿಂತವಳನ್ನು ಹಿಡಿದಿದೆ. ಇನ್ನೊಮ್ಮೆ ಕಟ್ಟಬಹುದು. ಬಿಟ್ಟವನೇ ಕಟ್ಟಬೇಕು. ಬೆಳಕು ಇರಬಾರದು, ಬೆಳಕು ಅದಕ್ಕೆ ದಾರಿ ತೋರಿಸುತ್ತದೆ. ತಂಗಿಯ ಕೂದಲು ಸೇರಿಸಿ ಸುತ್ತಬೇಕು. ಕೊನೆಯ ಗಂಟು ಬೀಳುವ ತನಕ ಯಾರು ಕರೆದರೂ ಓಗೊಡಬಾರದು. ಆಮೇಲೆ ಫ್ಯಾನು ನಿಲ್ಲಬಾರದು; ಒಮ್ಮೆ ತಪ್ಪಿಸಿಕೊಂಡದ್ದನ್ನು ತಂತಿಯ ಹೊದಿಕೆ ಒಂದೇ ಹಿಡಿದಿಡಲಾರದು.

“ನಿಂತ್ರೆ?”

“ನಿನ್ನ ಹುಡುಕಿಕೊಂಡು ಬರುತ್ತೆ. ಯೋಚನೆ ಮಾಡಿ ಕಟ್ಟು ಮಗಾ.”

ಯೋಚನೆ ಮಾಡುವುದಕ್ಕೆ ಅವನಲ್ಲಿ ಏನೂ ಉಳಿದಿರಲಿಲ್ಲ. ಮನೆಗೆ ಬಂದು ತಂಗಿಯ ತಲೆ ಬಾಚಿದ, ಬಾಚಣಿಗೆಯಲ್ಲಿ ಬಂದ ಕೂದಲನ್ನು ಬೆರಳಿಗೆ ಸುತ್ತಿಕೊಂಡ. ನಿನ್ನ ಮಂಚದ ಮೇಲಿನ ಫ್ಯಾನಿಗೆ ಹೊಸ ವೈಂಡಿಂಗ್ ಮಾಡುತ್ತೇನೆ, ಸೆಖೆ ಆಗಬಾರದು ಎಂದು ಡಾಕ್ಟರು ಹೇಳಿದ್ದಾರಲ್ಲ ಎಂದ. ಅವಳು ನಂಬಿದಳೋ ಇಲ್ಲವೋ, ಸುಮ್ಮನೆ ತಲೆಯಾಡಿಸಿದಳು.

ಅಂಗಡಿಯ ಹಿಂದಿನ ಸಾಮಾನು ಕೋಣೆಗೆ ಕಿಟಕಿಯಿಲ್ಲ. ಬಾಗಿಲು ಮುಚ್ಚಿ ಸಂದಿಗೆ ಗೋಣಿ ತುರುಕಿದ. ಹೊರಗೆ ನಡುಮಧ್ಯಾಹ್ನ, ಒಳಗೆ ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಬೆರಳಿನಿಂದಲೇ ಸ್ಲಾಟು ಹುಡುಕಿ ಸುತ್ತತೊಡಗಿದ. ಮೊದಲಿಗೆ ತಂತಿ ಎಂದಿನಂತೆ ಬಂತು. ರೀಲು ಕಿರ್ರೆನ್ನುತ್ತಿತ್ತು, ವಾರ್ನಿಷ್ ವಾಸನೆ, ಇಲಿಯ ವಾಸನೆ, ತನ್ನದೇ ಬೆವರಿನ ವಾಸನೆ. ಕೂದಲಿನ ಎಳೆ ಸೇರಿಸಿದ.

ರೀಲಿನ ಸದ್ದು ನಿಂತಿತು.

ತಂತಿ ಬಿಗಿಯಾಯಿತು. ಆ ಕಡೆಯಿಂದ ಯಾರೋ ಹಿಡಿದುಕೊಂಡಿದ್ದರು. ಅವನು ಎಳೆದ. ಅದೂ ಎಳೆಯಿತು. ಬೆರಳು ಕೊಯ್ದು ಬಿಸಿ ರಕ್ತ ಬಂತು. ಬಿಡಲಿಲ್ಲ. ಒಂದು ಸುತ್ತು. ಇನ್ನೊಂದು. ಕೂದಲು ಸುಟ್ಟ ನಾತ ಮೂಗಿಗೆ ಅಡರಿತು. ಬೆಂಕಿ ಎಲ್ಲೂ ಇರಲಿಲ್ಲ.

“ಅಣ್ಣ.”

ಗುಬ್ಬಿಯ ದನಿ. ಕಿವಿಯ ಪಕ್ಕದಲ್ಲೇ. ಉಸಿರು ಕೆನ್ನೆಗೆ ತಾಗಿತು. ಅವನು ಹಲ್ಲು ಕಚ್ಚಿದ. ಸುತ್ತಿದ.

“ಅಣ್ಣಾ.” ಈಗ ಗೋಡೆಯ ಆಚೆಯಿಂದ. ಬಚ್ಚಲಿನ ಕಡೆಯಿಂದ. ಏನೋ ಬಿದ್ದ ಸದ್ದೂ ಬಂತು.

ಹೋಗಬಾರದು. ಓಗೊಡಬಾರದು. ಸುತ್ತು. ಇನ್ನೊಂದು ಸ್ಲಾಟು. ಸುತ್ತು. ಮತ್ತೆ ಕರೆಯಿತು. ಈ ಸಲ ಅಳುತ್ತಾ, ಅವಳು ಚಿಕ್ಕವಳಿದ್ದಾಗ ಕರೆಯುತ್ತಿದ್ದ ಹಾಗೆ. ಅವನೂ ಅತ್ತ. ಸದ್ದಿಲ್ಲದೆ ಅತ್ತ. ಕೊನೆಯ ಸ್ಲಾಟು. ತಂತಿಯ ತುದಿ. ಗಂಟು.

ಬಿಗಿತ ಒಮ್ಮೆಲೇ ಸಡಿಲವಾಯಿತು. ರೀಲು ಉರುಳಿ ನೆಲಕ್ಕೆ ಬಿತ್ತು. ಅವನು ಬಾಗಿಲು ಒದ್ದು ಬಚ್ಚಲಿಗೆ ಓಡಿದ.

ಗುಬ್ಬಿ ಒದ್ದೆ ನೆಲದ ಮೇಲೆ ಬಿದ್ದಿದ್ದಳು. ಹಣೆ ಒಡೆದಿತ್ತು. ಯಾಕೆ ಬರಲಿಲ್ಲ ಅಣ್ಣ ಎಂದಳು. ಅವನು ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, ಎಷ್ಟು ಸಲ ಕರೆದೆ ಎಂದು ಕೇಳಿದ.

“ಒಂದೇ ಸಲ,” ಎಂದಳು ಅವಳು.

ಫ್ಯಾನು ಅವಳ ಮಂಚದ ಮೇಲೆ ತಿರುಗತೊಡಗಿತು. ಗುಬ್ಬಿ ಚೇತರಿಸಿಕೊಂಡಳು. ಕಾಲಿನ ಮೇಲಿನ ನೀರು ನಿಂತಿತು. ತಾಮ್ರಕ್ಕೆ ತಾಮ್ರದ ಬಣ್ಣ ಬಂತು. ಗೋಡೆ ಬಿಟ್ಟು ನಡೆದಳು, ಬಿದಿರುಕಡ್ಡಿ ಹಿಡಿದಳು. ಡಾಕ್ಟರು ಸಂತೋಷಪಟ್ಟು, ಮದ್ದು ಹತ್ತಿದೆ, ರೋಗವೂ ತಾನಾಗಿ ತಗ್ಗುವ ಕಾಲ, ಆದರೆ ಇಂಜೆಕ್ಷನ್ ಮಾತ್ರ ಬಿಡಬೇಡಿ ಎಂದರು. ಅವಳು ಬಿಡಲಿಲ್ಲ. ಯಾವುದು ಯಾವುದರಿಂದ ಆಯಿತೆಂದು ಟೆಸ್ಟರ್ ಕೇಳಲು ಹೋಗಲಿಲ್ಲ. ಜೇಬಿನ ಟೆಸ್ಟರನ್ನು ಯಾರಿಗೂ ತೋರಿಸುವುದನ್ನೂ ಬಿಟ್ಟಿದ್ದ.

ಅವನೇನು ದೇವರಲ್ಲ. ಫ್ಯಾನು ಆರಿಸಿ ಬಂದದ್ದನ್ನು ತನ್ನ ಮೇಲೆ ಹಾಕಿಕೊಂಡುಬಿಡಬಹುದಿತ್ತು. ಆ ಧೈರ್ಯ ಅವನಿಗಿರಲಿಲ್ಲ. ಅವಳು ಗೋಡೆ ಹಿಡಿದು ನಡೆಯುತ್ತಿದ್ದುದನ್ನು ನೋಡಿದ್ದ. ಹಾಗಾಗಿ ಕಾವಲು ಕೂತ. ಕರೆಂಟು ಹೋದರೆ ಇರಲೆಂದು ಬ್ಯಾಟರಿ ತಂದ, ಆ ಬ್ಯಾಟರಿ ಕೆಟ್ಟರೆ ಎಂದು ಇನ್ನೊಂದು ತಂದ. ಊರು ಬಿಟ್ಟು ಹೋಗುವ ಕೆಲಸವನ್ನೆಲ್ಲ ಬಿಟ್ಟ. ಗಿರಾಕಿಯ ಜೊತೆ ಮಾತಾಡುತ್ತಿರುವಾಗಲೂ ಕಿವಿ ಒಳಮನೆಯ ಗುಂಯ್ ಸದ್ದಿನ ಮೇಲೆ. ಚಳಿಗಾಲದಲ್ಲಿ ಗುಬ್ಬಿ ಫ್ಯಾನಿನ ಕೆಳಗೆ ಎರಡು ಕಂಬಳಿ ಹೊದ್ದು ನಡುಗುತ್ತಾ, ಸ್ವಲ್ಪ ಹೊತ್ತು ನಿಲ್ಲಿಸು ಅಣ್ಣ ಎಂದರೆ ಅವನ ಮುಖ ಬಿಳಿಚಿಕೊಳ್ಳುವುದು. ಮಾಟದ ಕಟ್ಟು ಎಂದಷ್ಟೇ ಅವಳಿಗೆ ಹೇಳಿದ್ದ. ಬಿಚ್ಚಿದರೆ ಯಾರ ಮೇಲೆ ಎನ್ನುವುದನ್ನು ಹೇಳಿರಲಿಲ್ಲ.

ಪಂಪು ರಿಪೇರಿಯ ಮೆಕ್ಯಾನಿಕ್ ಒಬ್ಬ ಸುಟ್ಟ ಮೋಟಾರುಗಳನ್ನು ಅವರ ಅಂಗಡಿಗೇ ತರುತ್ತಿದ್ದ. ಬರಬರುತ್ತಾ ಸುಡದ ಮೋಟಾರುಗಳನ್ನೂ ತರತೊಡಗಿದ. ಗ್ರೀಸು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು ನಿಂತು, ನಿಮ್ಮ ತಂಗಿಯನ್ನು ಮದುವೆಯಾಗುತ್ತೇನೆ ಎಂದು ಕೇಳಿದ. ಟೆಸ್ಟರ್ ರೋಗದ ವಿಷಯ ಒಂದೂ ಬಿಡದೆ ಹೇಳಿದ. ಪಂಪು ಕೆಡುತ್ತೆ ಅಂತ ಬಾವಿ ಬಿಡೋಕಾಗುತ್ತಾ ಎಂದು ಅವನು ಉತ್ತರ ಕೊಟ್ಟ. ಗುಬ್ಬಿಗೂ ಮನಸ್ಸಿತ್ತು. ಆದರೆ ಒಲ್ಲೆ ಎಂದಳು. ನಾನು ಹೋದರೆ ನನ್ನ ಅಣ್ಣ ಆ ಫ್ಯಾನಿನ ಹಿಂದೆಯೇ ನಮ್ಮ ಮನೆಗೆ ಬಂದು ಕೂರುತ್ತಾನೆ, ಇಲ್ಲವೇ ಇಲ್ಲೇ ಹೆದರಿ ಸಾಯುತ್ತಾನೆ. ಕಾಯಿಲೆ ನನಗಿಂತ ಅವನಿಗೇ ಹೆಚ್ಚು ಎಂದು ಮೆಕ್ಯಾನಿಕ್‌ಗೆ ಹೇಳಿದಳಂತೆ.

ಹೀಗಿರುವಾಗ ತಂತಿ ಸರಬರಾಜು ನಿಂತುಹೋಯಿತು. ಪಕ್ಕದ ಊರಿಗೆ ಹೋಗಿ ತರದೆ ವಿಧಿಯಿರಲಿಲ್ಲ. ನಾನು ನೋಡಿಕೊಳ್ಳುತ್ತೇನೆ ಹೋಗು ಎಂದು ಗುಬ್ಬಿ ಬಲವಂತ ಮಾಡಿದಳು. ಬ್ಯಾಟರಿಗಳನ್ನು ಮತ್ತೆ ಮತ್ತೆ ನೋಡಿ, ಹೇಳಿದ್ದನ್ನೇ ಹೇಳಿ ಅವನು ಹೊರಟ. ಮಾರನೆಯ ಬೆಳಿಗ್ಗೆ ಬಸ್ಸಿಳಿದು ಬೀದಿಗೆ ಬಂದ. ಅಂಗಡಿಯ ಮೆಟ್ಟಿಲು ಹತ್ತಿದ.

ಸದ್ದಿರಲಿಲ್ಲ.

ಗುಂಯ್ ಎನ್ನುವುದು ಇರಲಿಲ್ಲ. ಚೀಲ ಕೈಯಿಂದ ಜಾರಿತು. ಓಡಿದ. ಬೆಂಚು ಎಡವಿದ. ಒಳಗೆ ನುಗ್ಗಿದ. ಫ್ಯಾನಿನ ರೆಕ್ಕೆಗಳು ನಿಂತಿದ್ದವು. ಮಂಚ ಖಾಲಿ.

“ನಾನು ಇಲ್ಲಿದ್ದೀನಿ,” ಎಂದಳು ಗುಬ್ಬಿ. ಬಾಗಿಲ ಬಳಿ ನಿಂತಿದ್ದಳು, ನೆಟ್ಟಗೆ, ಯಾವುದನ್ನೂ ಹಿಡಿಯದೆ. “ನೀನು ಹೋದ ತಕ್ಷಣ ಆರಿಸಿದೆ. ಒಂದು ಹಗಲು ಒಂದು ರಾತ್ರಿ ಆಯ್ತು. ನೋಡು.”

ಅವಳು ಒಂಟಿಕಾಲಲ್ಲಿ ನಿಂತು ತೋರಿಸಿದಳು. ಕತ್ತು ಬಗ್ಗಿಸಿ ಗದ್ದವನ್ನು ಎದೆಗೆ ಮುಟ್ಟಿಸಿದಳು. ಏನೂ ಆಗಲಿಲ್ಲ. ಅವಳ ಮುಖದಲ್ಲಿ ಗೆದ್ದವಳ ನಗು, ಅದೂ ಅವಳದೇ ನಗು.

“ನನ್ನ ಕಟ್ಟು ಬಿಚ್ಚೋಕಲ್ಲ ಅಣ್ಣ, ನಿನ್ನದು ಬಿಚ್ಚೋಕೆ ಆರಿಸಿದೆ. ಇನ್ನಾದ್ರೂ ಆರಾಮಾಗಿರು.”

ಅವನು ಸ್ವಿಚ್ಚಿನ ಕಡೆ ನೋಡಲಿಲ್ಲ. ಇನ್ನು ಹಾಕಿ ಪ್ರಯೋಜನವಿರಲಿಲ್ಲ. ಬೆಳಗಿನ ಜಾವದಿಂದ ಬಸ್ಸಿನಲ್ಲಿ ಅಂಗಾಲಿನ ಕೆಳಗೆ ಮರಳು ಇದ್ದ ಹಾಗೆ ಅನಿಸುತ್ತಿತ್ತು. ಮೂರು ಸಲ ಚಪ್ಪಲಿ ಕೊಡವಿಕೊಂಡಿದ್ದ. ಅದು ಏನೆಂದು ಈಗ ತಿಳಿಯಿತು; ಅಜ್ಜಿ ಹೇಳಿದ್ದ ಹಾಗೆ ಕಟ್ಟಿದ ಕೈಯನ್ನು ಹುಡುಕಿಕೊಂಡು ಬಂದಿತ್ತು. ಹೇಳಿಬಿಡೋಣ ಎಂದು ಬಾಯಿ ತೆರೆದ. ಹೇಳಿದರೆ ಏನಾಗುತ್ತದೆಂಬುದೂ ಕಣ್ಣಮುಂದೆ ಬಂತು. ಗುಬ್ಬಿ ಮೆಕ್ಯಾನಿಕ್‌ಗೆ ಇನ್ನೊಮ್ಮೆ ಒಲ್ಲೆ ಎನ್ನುತ್ತಾಳೆ, ಈ ಕೋಣೆಯಲ್ಲೇ ಕೂತು ಅಣ್ಣನ ಸೇವೆ ಮಾಡುತ್ತಾಳೆ, ನಾನೇ ಆರಿಸಿದೆ ಎಂದು ದಿನವೂ ಒಳಗೇ ಸುಡುತ್ತಾಳೆ. ಅವಳನ್ನು ಇನ್ನೊಂದು ಸಲ ಸುಡಲು ಅವನಿಗೆ ಮನಸ್ಸಾಗಲಿಲ್ಲ.

“ನಿನ್ನ ಮೆಕ್ಯಾನಿಕ್‌ನ ಇವತ್ತೇ ಬರಹೇಳು,” ಎಂದ.

ಅವಳು ನಂಬಲಾರದೆ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, ಇರು, ಬಸ್ಸಿನಲ್ಲಿ ಬಂದಿದ್ದೀಯ ಎಂದು ಒಲೆಯ ಹತ್ತಿರ ಓಡಿದಳು. ಕುದಿಯುತ್ತಿದ್ದ ಟೀಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಸೆರಗಂಚಿನಲ್ಲಿ ಹಿಡಿದು ತಂದು ಅವನ ಮುಂದೆ ಮೇಜಿನ ಮೇಲಿಟ್ಟಳು. ಅವನು ಬರಿಗೈಯಲ್ಲಿ ಲೋಟವನ್ನು ಸುತ್ತ ಹಿಡಿದುಕೊಂಡು, ಮದುವೆಯನ್ನು ಎಲ್ಲಿ ಇಟ್ಟುಕೊಳ್ಳುವುದು, ಯಾರನ್ನು ಕರೆಯುವುದು ಎಂದು ಮಾತು ತೆಗೆದ. ಕೇಳುತ್ತಿದ್ದವಳ ಕಣ್ಣು ಅವನ ಕೈಯ ಮೇಲೆ ಬಿತ್ತು.

“ಅಣ್ಣ, ಸುಡ್ತಾ ಇಲ್ವಾ?”

“ಬೆಂಕಿ ಜೊತೆ ಪಳಗಿದ ಕೈ ಕಣೇ ಇದು. ಇದಕ್ಕೇನು ಸುಡುತ್ತೆ?”

ಅವಳು ಜೋರಾಗಿ ನಕ್ಕು, ಜಂಬಕ್ಕೇನೂ ಕಡಿಮೆಯಿಲ್ಲ ಎಂದಳು. ಬೀದಿಯಲ್ಲಿ ಪರಿಚಯದ ಸೈಕಲ್ಲಿನ ಗಂಟೆ ಕೇಳಿಸಿತು, ಬಾಗಿಲಿಗೆ ಓಡಿ ಮೆಕ್ಯಾನಿಕ್‌ನನ್ನು ಕೂಗಿದಳು. ಟೆಸ್ಟರ್ ಲೋಟ ಕೆಳಗಿಟ್ಟು ಅಂಗೈ ತಿರುಗಿಸಿ ನೋಡಿದ. ಚರ್ಮ ಕೆಂಪಾಗಿ ಬೊಬ್ಬೆ ಏಳುತ್ತಿತ್ತು. ಅವನ ಕೈಗೆ ಬಿಸಿಯೂ ನೋವೂ ಏನೂ ತಿಳಿಯುತ್ತಿರಲಿಲ್ಲ. ಗುಬ್ಬಿ ನಗುನಗುತ್ತಾ ಒಳಗೆ ತಿರುಗುವಷ್ಟರಲ್ಲಿ ಅವನು ಆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದ.